ಒಂದು ಸೈಜು ದೊಡ್ಡ ಬಿಲ್ಲು

19 ಏಪ್ರಿಲ್ 2020, ಭಾನುವಾರ. ಹಮಾಮತ್ಸು

ಸಂಜೆ ಬಂದು ಆಫೀಸಿನ ಕಥೆ ಹೇಳಿಕೊಳ್ಳಲು ಹೆಂಡತಿ ಅನು ಇಲ್ಲ, ಅದಕ್ಕೇ ಈ ಬರವಣಿಗೆ. ಫೋನಿನಲ್ಲಿ ಹೇಳಬಹುದು, ಆದರೆ ಅಲ್ಲಿ ಯಾವಾಗಲೂ ಹಿಂದೆ ಮಗು ಅಳುತ್ತಿರುತ್ತದೆ. ತನ್ನ ತಂಗಿ ಉಷಾಳ ಬಾಣಂತನಕ್ಕೆಂದು ಮಾರ್ಚಿನಲ್ಲಿ ಎರಡು ವಾರದ ಮಟ್ಟಿಗೆ ತುಮಕೂರಿಗೆ ಹೋದವಳು, ವಿಮಾನಗಳೆಲ್ಲ ನಿಂತು ಅಲ್ಲೇ ಸಿಕ್ಕಿಬಿದ್ದಿದ್ದಾಳೆ. ಇಲ್ಲಿ ನಾನು, ಮಗಳು ಸಿಂಧೂರಾ, ಮತ್ತೆ ದಿನಕ್ಕೊಂದು ರುಚಿ ತೋರಿಸುವ ನನ್ನ ಸಾರು.

ಸಿಂಧು ಈ ತಿಂಗಳು ಮಿಡ್ಲ್ ಸ್ಕೂಲು ಸೇರಿದಳು. ಪ್ರವೇಶದ ಸಮಾರಂಭ ಮುಗಿಸಿ ಬಂದ ಮೇಲೆ ಶಾಲೆಯೇ ಮುಚ್ಚಿತು. ಹೊಸ ಯೂನಿಫಾರ್ಮು ಗೋಡೆಗೆ ನೇತಾಡುತ್ತಿದೆ, ಅವಳು ಕೋಣೆ ಸೇರಿದ್ದಾಳೆ. ಏನು ಮಾಡ್ತಿದೀಯ ಅಂದರೆ "ಬೆತ್ಸುನಿ". ಹಸಿವಾ ಅಂದರೂ "ಬೆತ್ಸುನಿ". ಏನಿಲ್ಲ, ಅಂತ ಅರ್ಥ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳಿಗೆ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಜಪಾನೀಸಿನಲ್ಲಿ. ಅನು ಇದ್ದಾಗ ಹೀಗಿರಲಿಲ್ಲ. ಅಥವಾ ಇತ್ತೋ ಏನೋ, ಆಗ ನಾನು ಕೇಳುತ್ತಲೇ ಇರಲಿಲ್ಲ.

ಮನೆಯಿಂದಲೇ ಕೆಲಸ. ನನ್ನದು ಗಾಡಿಯ ಬಿಡಿಭಾಗಗಳನ್ನು ಮುರಿಯುವವರೆಗೆ ಅಲ್ಲಾಡಿಸಿ ನೋಡುವ ವಿಭಾಗ, ಅದನ್ನು ಊಟದ ಮೇಜಿನ ಮೇಲೆ ಮಾಡಲಾಗುವುದಿಲ್ಲ. ಹೀಗಾಗಿ ಬಿಡುವೋ ಬಿಡುವು. ಬೇಟೆ ಬಿಲ್ಲುಗಳ ವಿಡಿಯೊ ನೋಡುವ ಚಟ ಹತ್ತಿದೆ. ಒಬ್ಬ ಗಡ್ಡದ ಅಮೆರಿಕದವನು, ಮೊದಲ ಬೇಟೆ ಬಿಲ್ಲು ಎಷ್ಟು ಬಿಗಿ ಇರಬೇಕೆಂದು ಗಂಟೆಗಟ್ಟಲೆ ಹೇಳುತ್ತಾನೆ. ಹೆದೆಯನ್ನು ಪೂರ್ತಿ ಎಳೆದಾಗ ಕೈಗೆ ಎಷ್ಟು ಭಾರ ಬರುತ್ತದೋ ಅದೇ ಬಿಗಿ. ಜಿಂಕೆಗೆ ನಲವತ್ತು ಪೌಂಡಾದರೂ ಬೇಕಂತೆ, ಮಕ್ಕಳ ಕೈಗೆ ಮೂವತ್ತು. ಸೊಳ್ಳೆ ಬಿಟ್ಟರೆ ಬೇರೆ ಜೀವ ತೆಗೆದವನಲ್ಲ ನಾನು. ಈ ದೇಶದಲ್ಲಿ ಬಿಲ್ಲಿನಲ್ಲಿ ಬೇಟೆ ಆಡುವಂತೆಯೂ ಇಲ್ಲ. ಆದರೂ ನೋಡುತ್ತೇನೆ.

28 ಮೇ, ಗುರುವಾರ

ಭಾರತದಿಂದ ಬರುವವರಿಗೆ ಜಪಾನ್ ಬಾಗಿಲು ಹಾಕಿತು. ಇಲ್ಲೇ ಮನೆ ಮಾಡಿಕೊಂಡಿರುವ ನಮ್ಮಂಥವರಿಗೂ ಸೇರಿಸಿ. ಅನುವಿಗೆ ನಾನೇ ಹೇಳಬೇಕಾಯಿತು. "ಸರಿ ಬಿಡ್ರಿ, ಏನ್ ಮಾಡಕ್ಕಾಗುತ್ತೆ" ಅಂದಳು. ಆಮೇಲೆ ಕ್ಯಾಮೆರಾ ಮಗುವಿನ ಕಡೆ ತಿರುಗಿಸಿಬಿಟ್ಟಳು.

ಸಿಂಧು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ಇತ್ಸು ಮದೆ?" ಅಂದಳು. ಯಾವತ್ತಿನವರೆಗೆ?

ಗೊತ್ತಿಲ್ಲ ಅಂದೆ.

13 ಜೂನ್, ಶನಿವಾರ

ಇವತ್ತು ಸಿಂಧು ನನ್ನ ಹತ್ತಿರ ಒಟ್ಟಿಗೆ ನಾಲ್ಕೈದು ವಾಕ್ಯ ಮಾತಾಡಿದಳು! ಶಾಲೆ ಶುರುವಾಗಿದೆ, ಅವಳು ಬಿಲ್ಲುಗಾರಿಕೆಯ ಕ್ಲಬ್ಬು ಸೇರುತ್ತಾಳಂತೆ. ಇವರ ಕ್ಯೂದೋ. ಆಳಿಗಿಂತ ಉದ್ದದ ಬಿಲ್ಲು, ಬಾಣಕ್ಕಿಂತ ಹೆಚ್ಚು ನಮಸ್ಕಾರ. ಪ್ರತಿ ವರ್ಷ ಮಕ್ಕಳು ಕ್ಲಬ್ಬಿನ ಬಿಲ್ಲುಗಳನ್ನೇ ಹಂಚಿಕೊಳ್ಳುತ್ತಿದ್ದರಂತೆ. ಈ ವರ್ಷ ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಅವರವರ ಬಿಲ್ಲು ಅವರವರೇ ತರಬೇಕು. ಬಿಗಿ ಎಷ್ಟಿರಬೇಕು ಅನ್ನುವುದನ್ನು ಕ್ಲಬ್ಬಿನ ಟೀಚರು ಮೊಚಿಜುಕಿ ಸೆನ್ಸೇ ಅಂಗಡಿಗೇ ಬಂದು ನೋಡಿ ಹೇಳುತ್ತಾರಂತೆ. ಪಾಪ, ಆ ಹೆಂಗಸಿಗೆ ಯಾಕೆ ತೊಂದರೆ? ನಾನಿದ್ದೇನಲ್ಲ.

ಊರಿಗೆ ಹೊರಟಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ತೂಕದ ಯಂತ್ರ ಇದೆಯಲ್ಲ, ಹೊರದೇಶದಲ್ಲಿರುವ ಯಾವ ಕನ್ನಡಿಗರ ಮನೆಯಲ್ಲಿಲ್ಲ ಅದು? ಮೆಟ್ಟಿಲ ಕಂಬಕ್ಕೆ ಹಗ್ಗ ಕಟ್ಟಿದೆ, ಹಗ್ಗಕ್ಕೆ ಯಂತ್ರ, ಯಂತ್ರಕ್ಕೆ ಟವೆಲ್ಲು.

"ಎಳಿ ಪುಟ್ಟಾ."

ಸಿಂಧು ಗೋಡೆಗೆ ಕಾಲು ಕೊಟ್ಟು, ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ ಎಳೆದಳು. ಬೀಪ್ ಅಂತು. ಹದಿನೇಳು ಕೆಜಿ. ಎಳೆಯುವುದು ಬಿಟ್ಟರೂ ಅಂಕಿ ಹಾಗೇ ನಿಂತಿರುತ್ತದೆ, ಅದೇ ಈ ಯಂತ್ರದ ಸೊಗಸು. ಇಬ್ಬರೂ ನಕ್ಕೆವು. ಹದಿನೇಳು ಎಳೆಯುವವಳಿಗೆ ಹದಿನಾಲ್ಕು ಆರಾಮು. ಗಡ್ಡದವನ ಮೂವತ್ತು ಪೌಂಡೂ ಹೆಚ್ಚುಕಡಿಮೆ ಹದಿನಾಲ್ಕು ಕೆಜಿಯೇ. ಎರಡು ಕಡೆಯಿಂದ ಲೆಕ್ಕ ತಾಳೆಯಾಯಿತು ಅಂದರೆ ಇನ್ನೇನು ಬೇಕು?

ಆನ್‌ಲೈನಿನಲ್ಲಿ ಒಂಬತ್ತು, ಹತ್ತು ಕೆಜಿಯವೂ ಇದ್ದವು. ಆದರೆ ಬೆಳೆಯುವ ಮಕ್ಕಳಿಗೆ ಯಾರಾದರೂ ಸರಿಯಳತೆಯದು ಕೊಳ್ಳುತ್ತಾರೆಯೇ? ನನ್ನ ಶಾಲೆಯ ಚಡ್ಡಿಗಳಿಗೆಲ್ಲ ನಾಲ್ಕು ಬೆರಳು ಒಳಮಡಿಕೆ ಇರುತ್ತಿತ್ತು, ಶೂ ತುದಿಯಲ್ಲಿ ಹತ್ತಿ. ಹದಿನಾಲ್ಕಕ್ಕೆ ಆರ್ಡರ್ ಹಾಕಿದೆ. ಅನುವಿಗೂ ಹೇಳಿದೆ, ನಿನ್ನ ಮಗಳು ಹದಿನಾಲ್ಕು ಕೆಜಿ ಬಿಲ್ಲು ಎಳೀತಾಳೆ ಅಂತ. ಉಷಾಗೂ ಅವಳ ಅತ್ತೆಗೂ ಆಗಲೇ ಸುದ್ದಿ ಮುಟ್ಟಿದೆ.

21 ಜೂನ್, ಭಾನುವಾರ

ಬಿಲ್ಲು ಬಂತು. ಕಪ್ಪು ಬಣ್ಣದ್ದು, ಫೈಬರಿನದು, ಬಾಗಿಲಿನಿಂದ ಒಳಗೆ ತರಲು ಓರೆ ಮಾಡಬೇಕಾಯಿತು. ಕಾರು ನಿಲ್ಲಿಸುವ ಜಾಗದ ಪಕ್ಕ ನಮಗೆ ಅಂಗೈಯಗಲದ ಅಂಗಳ ಇದೆ. ಅಲ್ಲಿ ನಿಂತು ಸಿಂಧು ಎತ್ತಿ ನೋಡಿದಳು. ಅರ್ಧ ಎಳೆದು ಬಿಟ್ಟಳು.

"ಚೊತ್ತೊ ಕಿತ್ಸುಯ್." ಸ್ವಲ್ಪ ಬಿಗಿ, ಅಂತ.

"ಬೆಳೀತೀಯಲ್ಲ! ಅಮ್ಮ ಬರೋ ಹೊತ್ತಿಗೆ ಸರಿಯಾಗಿ ಹೋಗುತ್ತೆ ನೋಡು."

ಏನೋ ಯೋಚಿಸುವವಳ ಹಾಗೆ ನನ್ನ ಮುಖ ನೋಡಿದಳು. "ಹಾಯ್" ಅಂದಳು. ಜಪಾನೀಸಿನ ಹೂಂ. ಇವತ್ತು ಅನ್ನ ಹದವಾಗಿ ಬೆಂದಿತ್ತು.

24 ಜೂನ್, ಬುಧವಾರ

ಬಿಲ್ಲನ್ನು ಶಾಲೆಗೆ ಒಯ್ದು ತೋರಿಸಿ ವಾಪಸ್ಸು ತಂದಿದ್ದಾಳೆ. ಸದ್ಯ ಎಲ್ಲರಿಗೂ ರಬ್ಬರಿನ ಪಟ್ಟಿ ಎಳೆಸಿ ಅಭ್ಯಾಸ ಮಾಡಿಸುತ್ತಿದ್ದಾರಂತೆ. ಸೆನ್ಸೇ ಬಿಲ್ಲು ನೋಡಿ ಏನಂದರು ಅಂತ ಕೇಳಿದೆ. "ಬೆತ್ಸುನಿ."

ಕಾರ್ಖಾನೆಗೆ ಹೋಗುವುದು ಶುರುವಾಯಿತು. ನಾನು ಬರುವಷ್ಟರಲ್ಲಿ ಏಳು ಗಂಟೆ. ಅಂಗಳದ ಹುಲ್ಲು ಒಂದೇ ಕಡೆ ತುಳಿದು ಸಪಾಟಾಗಿದೆ. ಬೆಕ್ಕಿರಬೇಕು.

5 ಜುಲೈ, ಭಾನುವಾರ

ಇದನ್ನು ಬರೆದಿಡಲೇಬೇಕು. ಬೆಳಿಗ್ಗೆ ನಾನು ತಿಂಡಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಸಿಂಧು ಬಾಚಣಿಗೆ ಹಿಡಿದು ಬಂದು, ಕನ್ನಡದಲ್ಲಿ, ಅಚ್ಚ ಕನ್ನಡದಲ್ಲಿ ಕೇಳಿದಳು: "ಅಪ್ಪ, ಜಡೆ ಹಾಕ್ತೀಯಾ?"

ಹೂಂ ಅಂದುಬಿಟ್ಟೆ. ಆಮೇಲೆ ನೆನಪಾಯಿತು, ನನಗೆ ಜಡೆ ಹಾಕಲು ಬರುವುದಿಲ್ಲ. ಅನುವಿಗೆ ಕರೆ ಮಾಡಿದೆವು. ಅಲ್ಲಿ ಬೆಳಗಿನ ಜಾವ, ಮಗು ಎದ್ದಿತ್ತು, ಹಾಗಾಗಿ ಎಲ್ಲರೂ ಎದ್ದಿದ್ದರು. ನಿದ್ದೆಗಣ್ಣಿನ ಉಷಾಳನ್ನು ಮುಂದೆ ಕೂರಿಸಿಕೊಂಡು ಅನು ಪಾಠ ಶುರುಮಾಡಿದಳು. "ಮೂರು ಭಾಗ ಮಾಡ್ಕೊಳ್ಳಿ. ಬಲಗಡೇದು ಮಧ್ಯಕ್ಕೆ, ಎಡಗಡೇದು ಮಧ್ಯಕ್ಕೆ. ಅಷ್ಟೇ ರೀ, ಬ್ರೇಕ್ ಕೇಬಲ್ ಅಲ್ಲ ಅದು!" ನಾನು ಎಳೆದ ರಭಸಕ್ಕೆ ಸಿಂಧುವಿನ ಹುಬ್ಬು ಮೇಲಕ್ಕೆ ಹೋಗಿತ್ತು. "ಇತಾಯ್!" ಎಂದು ಕಿರುಚಿದಳು. ನೋವು ಅಂತ. ಮುಂದಿನ ಸಲ ಮೆಲ್ಲಗೆ ಹೆಣೆದೆ, ರಬ್ಬರ್ ಬ್ಯಾಂಡ್ ಹಾಕುವ ಮೊದಲೇ ಬಿಚ್ಚಿಹೋಯಿತು. ಮೂರನೆಯದು ಏನೋ ಒಂದು ಆಯಿತು.

ನಾಲ್ಕನೇ ಕ್ಲಾಸಿನಿಂದ ಯಾರಿಗೂ ಕೂದಲು ಮುಟ್ಟಲು ಬಿಡದ ಹುಡುಗಿ ನನ್ನ ಕಾಲ ಬಳಿ ಕೂತಿದ್ದಳು. ಇಡೀ ದಿನ ಖುಷಿಯಾಗಿದ್ದೆ.

11 ಜುಲೈ, ಶನಿವಾರ

ದಿನಾ ಬೆಳಿಗ್ಗೆ ಜಡೆ. ಕೈ ಕುದುರುತ್ತಿದೆ. ನೆತ್ತಿಯ ಹತ್ತಿರ ಸಡಿಲ ಬಿಡಬೇಕು, ಕತ್ತಿನ ಹತ್ತಿರ ಸ್ವಲ್ಪ ಬಿಗಿ, ಕೊನೆಗೆ ಮತ್ತೆ ಸಡಿಲ. ಎಡಕಿವಿಯ ಹಿಂದೆ ಅವಳಿಗೊಂದು ಸುಳಿ ಇದೆ. ಹನ್ನೆರಡು ವರ್ಷ ಆಯಿತು, ನಾನು ನೋಡಿಯೇ ಇರಲಿಲ್ಲ. ಅಲ್ಲಿ ಬಾಚಣಿಗೆ ತಾಗಿದರೆ ಉರಿಯುತ್ತದೆ, ಬೆರಳಿನಲ್ಲೇ ಬಿಡಿಸಬೇಕು.

ರಾತ್ರಿ ಊಟದ ಹೊತ್ತಿಗೆ ಅನು ಫೋನಿನಲ್ಲಿದ್ದಳು. "ರೀ, ಅವಳ್ಯಾಕೆ ಎಡಗೈಲಿ ಸ್ಪೂನ್ ಹಿಡ್ಕೊಂಡಿದಾಳೆ?" ಅಂದಳು. ನಾನು, ಈಗಿನ ಮಕ್ಕಳ ಸ್ಟೈಲು ಅಂದೆ. ಸಿಂಧು ಬಲಗೈಗೆ ಬದಲಾಯಿಸಿದಳು. "ಇಷ್ಟು ದಿನ ಇಲ್ಲದ್ದು ಜಡೆ ಬೇರೆ ನಿಮ್ಮ ಹತ್ರ ಹಾಕಿಸ್ಕೋತಿದಾಳೆ, ಯಾಕಂತೆ?" ಅಂತಲೂ ಕೇಳಿದಳು. ಪಾಪ, ಅನುವಿಗೆ ಹೊಟ್ಟೆಕಿಚ್ಚು. ಅವಳ ಜಾಗದಲ್ಲಿ ನಾನಿದ್ದರೂ ಆಗುತ್ತಿತ್ತು.

19 ಜುಲೈ, ಭಾನುವಾರ

ಏನೆಂದು ಬರೆಯಲಿ.

ಬೆಳಿಗ್ಗೆ ಜಡೆ ಹಾಕುವಾಗ ಕೂದಲು ಮುಂದೆ ಬಿದ್ದಿತ್ತು, ಹಿಂದಕ್ಕೆ ತರಲು ಅವಳ ಬಲಭುಜದ ಮೇಲೆ ಕೈ ಇಟ್ಟೆ. ಸುಮ್ಮನೆ ಇಟ್ಟೆ, ಅಷ್ಟೇ. ಸಿಂಧು ಉಸಿರು ಒಳಗೆಳೆದುಕೊಂಡಳು. ಜಡೆ ಎಳೆದಾಗ ಕಿರುಚುವ ಥರ ಅಲ್ಲ. ಶಬ್ದ ಬರಬಾರದು ಎಂದು ತಡೆದುಕೊಂಡ ಉಸಿರು.

"ಏನಾಯ್ತು?"

"ಡೈಜೋಬು." ಏನಾಗಿಲ್ಲ, ಪರವಾಗಿಲ್ಲ.

"ಸಿಂಧು, ಕೈ ಮೇಲೆತ್ತು ನೋಡೋಣ. ಎರಡೂ."

ಎಡಗೈ ಮೇಲೆ ಹೋಯಿತು. ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಇನ್ನೂ ಎತ್ತಲು ನೋಡಿದಳು, ಮುಖ ಬಿಳಿಚಿಕೊಂಡಿತು. ನನಗೆ ಆಗ ಅರ್ಥವಾಯಿತು, ಬಾಚಣಿಗೆ ಹಿಡಿದು ನನ್ನ ಹತ್ತಿರ ಯಾಕೆ ಬಂದಳು ಅಂತ. ಕೈ ತಲೆಯವರೆಗೆ ಹೋಗುತ್ತಿರಲಿಲ್ಲ. ನಾನು ದಿನಾ ಸಂಭ್ರಮಪಟ್ಟುಕೊಂಡು ಜಡೆ ಹಾಕುತ್ತಿದ್ದೆ.

ಬಾಚಣಿಗೆ ಕೆಳಗಿಟ್ಟು ಅವಳ ಎದುರು ಕೂತೆ. ಬೈದೇನೆಂದು ಅಂದುಕೊಂಡಳೋ ಏನೋ, ಅಳು ಶುರುವಾಯಿತು. ಮೂರು ಭಾಷೆಯಲ್ಲಿ ಅತ್ತಳು. ಬಿಲ್ಲನ್ನು ಶಾಲೆಗೆ ಒಯ್ದ ದಿನವೇ ಮೊಚಿಜುಕಿ ಸೆನ್ಸೇ ಹೇಳಿದ್ದರಂತೆ, ಈ ಬಿಲ್ಲು ಈಗ ಎಳೆಯಬೇಡ, ಮನೆಯಲ್ಲಿಡು, ಇದು ನಿನಗೆ ಸರಿಹೋಗಲು ಎರಡು ವರ್ಷ ಬೇಕು ಎಂದು. ಇವಳು ನನಗೆ ಹೇಳಲಿಲ್ಲ. ಶಾಲೆಯಿಂದ ಬಂದು, ನಾನು ಬರುವ ಮೊದಲು, ಅಂಗಳದಲ್ಲಿ ಒಬ್ಬಳೇ ಎಳೆದಿದ್ದಾಳೆ. ದಿನಾ. ಹುಲ್ಲು ತುಳಿದದ್ದು ಬೆಕ್ಕಲ್ಲ.

"ಯಾಕೆ ಪುಟ್ಟಾ? ಬೇಡ ಅಂದಿದ್ರಲ್ಲ?"

"ನೀನೇ ಹೇಳ್ದೆ. ಅಮ್ಮ ಬರೋ ಹೊತ್ತಿಗೆ ಸರಿಹೋಗುತ್ತೆ ಅಂತ. ಸೆನ್ಸೇ ಟೂ ಇಯರ್ಸ್ ಅಂದ್ರು." ಮೂಗು ಒರೆಸಿಕೊಂಡಳು. "ಸೋ, ಅಮ್ಮ ಬರಕ್ಕೆ ಟೂ ಇಯರ್ಸಾ?"

ಅವಳ ಕೈಗೆ ಕರ್ಚೀಫು ಕೊಟ್ಟೆ.

"ನಾನು ಬೇಗ ಎಳೆದ್ರೆ..." ಅಂದಳು. ಮುಂದೆ ಹೇಳಲಿಲ್ಲ. ಹೇಳಿದರೆ ಪೆದ್ದುತನ ಅನ್ನಿಸುತ್ತದೆಂದು ಅವಳಿಗೂ ಗೊತ್ತು, ಹನ್ನೆರಡು ವರ್ಷ ಅಲ್ಲವೇ.

ಎಡಗಡೆಯಿಂದ ತಬ್ಬಿಕೊಂಡೆ. "ಆ ಬಿಲ್ಲಿಗೂ ಅಮ್ಮ ಬರೋದಕ್ಕೂ ಏನೂ ಸಂಬಂಧ ಇಲ್ಲ ಕಂದಾ."

"ಮತ್ತೆ ಯಾಕೆ ಹಾಗಂದೆ?"

"ಅಮ್ಮ ಯಾವಾಗ ಬರ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿರೋ ಥರ ಮಾತಾಡ್ದೆ."

"ನಿನಗೂ ಗೊತ್ತಿಲ್ವಾ?" ಅಂದಳು. ಆಶ್ಚರ್ಯ, ಅದನ್ನು ಕೇಳಿ ಅವಳಿಗೆ ಸ್ವಲ್ಪ ಸಮಾಧಾನ ಆದಂತಿತ್ತು.

ಅವಳು ಮಲಗಿದ ಮೇಲೆ ಆ ಬಿಲ್ಲನ್ನು ನಾನು ಎಳೆದು ನೋಡಿದೆ. ಎಳೆದೆ, ಬಂತು. ಹಿಡಿದು ನಿಲ್ಲಲು ಹೋದರೆ ಮೊಣಕೈ ನಡುಗಿ ಬೆವರಿಳಿಯಿತು. ಸೂಟ್‌ಕೇಸಿನ ಯಂತ್ರ ತೋರಿಸಿದ್ದು ಒಂದು ಕ್ಷಣದ ಹದಿನೇಳು. ಆ ಕ್ಷಣ ಕಳೆದ ಮೇಲೆ ಹುಡುಗಿಯ ಕೈಯಲ್ಲಿ ಏನು ಉಳಿದಿರುತ್ತದೆ ಅಂತ ಅದಕ್ಕೇನು ಗೊತ್ತು? ಕಾರ್ಖಾನೆಯಲ್ಲಿ ಒಂದು ಸ್ಪ್ರಿಂಗಿಗೆ ನಾನು ಹೀಗೆ ಮಾಡುವುದಿಲ್ಲ. ಮಗಳಿಗೆ ಮಾಡಿದೆ.

20 ಜುಲೈ, ಸೋಮವಾರ

ರಜೆ ಹಾಕಿ ಮೂಳೆ ಡಾಕ್ಟರ ಹತ್ತಿರ ಕರೆದೊಯ್ದೆ. ಏನೂ ಹರಿದಿಲ್ಲ. ಊದಿದೆ, ಅಷ್ಟೇ, ಒಂದು ತಿಂಗಳು ಎಳೆಯುವುದು ಎತ್ತುವುದು ಬೇಡ. ದೇವರು ದೊಡ್ಡವನು.

ಅನುವಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಕೂದ್ಲು ತೊಳೆಯೋಕೂ ಆಗ್ತಿಲ್ಲ ಅವಳಿಗೆ, ನೀವೇ ತೊಳೀಬೇಕು. ಬಿಸಿನೀರು ಜಾಸ್ತಿ ಹಾಕ್ಬೇಡಿ" ಅಂದಳು.

17 ಆಗಸ್ಟ್, ಸೋಮವಾರ

ನಲವತ್ತೊಂದು ಡಿಗ್ರಿ. ಟಿವಿಯಲ್ಲಿ ನಮ್ಮ ಊರಿನದೇ ಸುದ್ದಿ. ಬಿಲ್ಲು ಬೀರುವಿನ ಮೇಲಿದೆ. ಸೆಕೆಗೆ ಜಡೆಯನ್ನು ಸುತ್ತಿ ಮೇಲೆ ಕಟ್ಟುವುದನ್ನು ಕಲಿತೆ. ಸಿಂಧು ಕನ್ನಡಿ ನೋಡಿಕೊಂಡು "ಓಕೆ" ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಇಲ್ಲಿ ಮನೆ ಇರುವವರು ವಾಪಸ್ಸು ಬರಬಹುದು ಎಂದು ಹೇಳುತ್ತಿದ್ದಾರೆ. ಕಾಗದಪತ್ರ, ಪರೀಕ್ಷೆ, ದೆಹಲಿಯ ವಿಮಾನ, ನೂರೆಂಟು ಇವೆ. ಸಿಂಧುವಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಬರಬಹುದು, ಯಾವಾಗ ಅಂತ ಗೊತ್ತಿಲ್ಲ. "ಸೋಕ್ಕಾ" ಅಂದಳು. ಹೌದಾ, ಅಂತ. ಆಮೇಲೆ ಇಬ್ಬರೂ ಐಸ್‌ಕ್ರೀಮ್ ತರಲು ಬೀದಿ ಕೊನೆಯ ಕೊಂಬಿನಿ ಅಂಗಡಿಗೆ ನಡೆದುಹೋದೆವು.

23 ಆಗಸ್ಟ್, ಭಾನುವಾರ

ಬಿಲ್ಲಿನ ಅಂಗಡಿಗೆ ಹೋಗಿದ್ದೆವು. ಮೊಚಿಜುಕಿ ಸೆನ್ಸೇ ಬಂದಿದ್ದರು. ನನಗಿಂತ ಕಿರಿಯ ಹೆಂಗಸು, ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ, ಅವು ನಗುತ್ತಿದ್ದವು. ನಾನು ಸೊಂಟ ಬಗ್ಗಿಸಿ "ಸುಮಿಮಾಸೆನ್", ಕ್ಷಮಿಸಿ, ಅಂದೆ, ಅವರೂ ಸೊಂಟ ಬಗ್ಗಿಸಿ "ಸುಮಿಮಾಸೆನ್" ಅಂದರು. ಮನೆಗೆ ಒಂದು ಫೋನು ಮಾಡಬೇಕಿತ್ತು ಅಂತ ಅವರ ಸಂಕಟ. ಹೀಗೆ ಎರಡು ಸುತ್ತು ಆದ ಮೇಲೆ ಕೆಲಸ ಶುರುವಾಯಿತು.

ಅವರ ಪರೀಕ್ಷೆ ಬೇರೆ ಥರ. ಬಿಲ್ಲನ್ನು ಪೂರ್ತಿ ಎಳೆದು ನಿಂತು, ನಿನ್ನ ಹೆಸರು, ಮನೆ ಎಲ್ಲಿ ಅಂತ ಹೇಳಬೇಕು. ದನಿ ಅಲುಗಾಡಿದರೆ ಆ ಬಿಲ್ಲು ನಿನ್ನದಲ್ಲ. ಹನ್ನೊಂದು ಕೆಜಿಯಲ್ಲಿ ಸಿಂಧುವಿನ ದನಿ ಕುಕ್ಕರಿನ ಸೀಟಿಯ ಹಾಗೆ ಬಂತು. ಹತ್ತರಲ್ಲಿ ಹೆಸರು ಸರಿಯಾಗಿ ಬಂತು, ಹಮಾಮತ್ಸು ಅನ್ನುವಾಗ ಒಡೆಯಿತು. ಒಂಬತ್ತು ಕೊಟ್ಟರು. ಹೆಸರು ಹೇಳಿದಳು. ಮನೆ ಹೇಳಿದಳು. ನಿಲ್ಲಲಿಲ್ಲ. ತುಮಕೂರಿನಲ್ಲಿ ನನಗೊಬ್ಬ ಪುಟ್ಟ ತಮ್ಮ ಇದ್ದಾನೆ, ಈಗ ಬೋರಲು ಬೀಳುತ್ತಾನೆ ಎಂದು ಜಪಾನೀಸಿನಲ್ಲಿ ಹೇಳಿದಳು. ಅಂಗಡಿಯವರು ಚಪ್ಪಾಳೆ ತಟ್ಟಿದರು.

ಸೆನ್ಸೇ ಹದಿನಾಲ್ಕರದೊಂದು ಬಿಲ್ಲು ತೆಗೆದು ನನ್ನ ಕಡೆ ಚಾಚಿದರು. "ಭೀಮಸೇನ-ಸಾನ್, ದೋಜೊ." ನೀವೂ ಒಮ್ಮೆ. ಎಳೆದು ನಿಂತು "ವತಾಶಿ ವಾ", ನಾನು, "ಭೀಮ..." ಅಂದೆ. ಸೇನ ಒಳಗೇ ಉಳಿದ. ಸಿಂಧು ನಕ್ಕ ನಗುವಿಗೆ ಅವಳ ಮಾಸ್ಕು ಜಾರಿತು. ಎಷ್ಟು ದಿನವಾಗಿತ್ತು ಅವಳು ಹಾಗೆ ನಕ್ಕು.

ಬಿಲ್ಲು ಕಟ್ಟಿಕೊಡುವಾಗ, ಒಂಬತ್ತು ಆದರೆ ಮುಂದಿನ ವರ್ಷಕ್ಕೇ ಸಡಿಲವಾಗುತ್ತದಲ್ಲ, ಹತ್ತು ತೆಗೆದುಕೊಂಡರೆ ಅಂತ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಸಿಂಧು ತಿರುಗಿ ನೋಡಿದಳು.

"ಏನಪ್ಪಾ?"

"ಬೆತ್ಸುನಿ" ಅಂದೆ.

22 ಸೆಪ್ಟೆಂಬರ್, ಮಂಗಳವಾರ

ಅನುವಿಗೆ ಟಿಕೆಟ್ ಸಿಕ್ಕಿತು. ಸಿಂಧುವಿಗೆ ಹೇಳಲಿಲ್ಲ. ಆಮೇಲೆ ಹೇಳಿದೆ. ಹೇಳುವಾಗ "ಪರೀಕ್ಷೆಯಲ್ಲಿ ನೆಗೆಟಿವ್ ಬಂದ್ರೆ" ಎಂದೂ ಸೇರಿಸಿದೆ. "ಗೊತ್ತು ಅಪ್ಪ" ಅಂದಳು, ನನ್ನ ಬೆನ್ನು ತಟ್ಟಿದಳು. ಬಲಗೈಯಿಂದ.

4 ಅಕ್ಟೋಬರ್, ಭಾನುವಾರ

ನಿನ್ನೆ ನರಿತಾದಿಂದ ಅನುವನ್ನು ಕರೆತಂದೆವು. ರೈಲು ಹತ್ತುವಂತಿಲ್ಲ, ಕಾರಿನಲ್ಲೇ, ಕಿಟಕಿಗಳನ್ನೆಲ್ಲ ಇಳಿಸಿಕೊಂಡು. ವಿಮಾನ ನಿಲ್ದಾಣದಲ್ಲಿ ತಾಯಿ ಮಗಳು ದೂರ ದೂರ ನಿಂತು ಒಬ್ಬರನ್ನೊಬ್ಬರು ನೋಡಿದರು. ಮುಟ್ಟುವಂತಿಲ್ಲವಲ್ಲ, ಕೈ ಎಲ್ಲಿಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಅನು ಸಣ್ಣಗಾಗಿದ್ದಾಳೆ. "ಎಷ್ಟು ಉದ್ದ ಆಗಿದೀಯೇ" ಅಂದಳು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಅವಳು, ಮುಂದೆ ಸಿಂಧು, ಗಾಳಿಯ ಸದ್ದಿಗೆ ಏನೂ ಕೇಳುತ್ತಿರಲಿಲ್ಲ. ಅನುವಿನ ಕಣ್ಣು ಮಾತ್ರ ಮುಂದಿನ ಸೀಟಿನ ಜಡೆಯ ಮೇಲಿತ್ತು. ಇನ್ನು ಎರಡು ವಾರ ಅವಳು ಅಂಗಳದ ಕಡೆಯ ಕೋಣೆಯಲ್ಲಿ, ನಾವು ಈಚೆ.

ಇವತ್ತು ಬೆಳಿಗ್ಗೆ ಸಿಂಧು ಬಾಚಣಿಗೆ ತಂದು ಅಂಗಳದ ಮೆಟ್ಟಿಲ ಮೇಲೆ, ಅನುವಿನ ಗಾಜಿನ ಬಾಗಿಲಿನ ಎದುರಿಗೇ ಕೂತಳು. ಭುಜ ಸರಿಹೋಗಿ ತಿಂಗಳಾಯಿತು, ಅವಳೇ ಹಾಕಿಕೊಳ್ಳಬಹುದು. ಅಭ್ಯಾಸ. "ಅಮ್ಮ ನೋಡ್ತಿದಾಳೆ, ನೀಟಾಗಿ ಹಾಕು" ಅಂದಳು. ಗಾಜಿನಾಚೆ ಅನು ನನ್ನ ಬೆರಳುಗಳನ್ನೇ ನೋಡುತ್ತ ಕೂತಳು. ಸುಳಿಯ ಹತ್ತಿರ ಬಾಚಣಿಗೆ ಬಿಟ್ಟು ಬೆರಳಿನಲ್ಲಿ ಬಿಡಿಸಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಯಾಕೋ.

ಆಮೇಲೆ ಸಿಂಧು ಒಂಬತ್ತು ಕೆಜಿಯ ಬಿಲ್ಲು ತಂದಳು. ಬಾಣ ಇಲ್ಲ, ಅಂಗಳ ಎಷ್ಟಿದೆ ಮಹಾ. ಪಾದ ಊರಿದಳು, ಬಿಲ್ಲನ್ನು ತಲೆಯ ಮೇಲಕ್ಕೆ ಎತ್ತಿದಳು, ನಿಧಾನವಾಗಿ ಇಳಿಸುತ್ತ ಎಳೆದಳು. ಹೆದೆ ಕಿವಿಯ ಹಿಂದೆ ಹೋಗಿ ನಿಂತಿತು. ಅನು ಗಾಜಿಗೆ ಅಂಗೈ ಒತ್ತಿ ಉಸಿರು ಬಿಗಿಹಿಡಿದಿದ್ದಳು. ಸಿಂಧು ಹಾಗೇ ನಿಂತು, ಎದುರಿನ ಗೋಡೆಯಿಂದ ಕಣ್ಣು ತೆಗೆಯದೆ, ದಿನವೂ ಕೇಳುವವಳ ಹಾಗೆ ಕೇಳಿದಳು:

"ಅಮ್ಮಾ, ತಿಂಡಿ ಆಯ್ತಾ?"

ದನಿ ಒಂದಿಷ್ಟೂ ಅಲುಗಲಿಲ್ಲ.

ಅನುವಿನದೇ ಅಲುಗಿತು. "ಇಲ್ಲ ಕಂದಾ. ನಿಂದು?"

"ಇನ್ನೂ ಇಲ್ಲ. ಅಪ್ಪ ಉಪ್ಪಿಟ್ಟು ಮಾಡ್ತಾರೆ."

ನಾನು ಒಳಗೆ ಹೋಗಿ ರವೆ ಹುರಿಯಲು ಇಟ್ಟೆ. ಮೂರು ಜನಕ್ಕೆ ಎಷ್ಟು ಹಾಕಬೇಕು ಅನ್ನುವುದೇ ಮರೆತುಹೋಗಿತ್ತು. ಗಾಜಿನ ಬಾಗಿಲಿಗೆ ಬಂದು ಅನುವನ್ನೇ ಕೇಳಿದೆ.